ಹನ್ನೊಂದು ತಿಂಗಳ ಕಾಗದ, ಬೈಕುಲ್ಲಾದ ಖೋಲಿ

ಮುಂಬಯಿಯಲ್ಲಿ ಮನೆ ಬಾಡಿಗೆಗೆ ಕೊಟ್ಟವರಿಗೂ ಪಡೆದವರಿಗೂ 11 ಎಂಬ ಅಂಕೆ ಗೊತ್ತು. ಕರಾರು 11 ತಿಂಗಳಿಗೆ. ಮುಗಿದರೆ ಮತ್ತೆ 11ಕ್ಕೆ. ಯಾಕೆ 12 ಅಲ್ಲ ಎಂದು ಕೇಳಿದರೆ, ‘ರಿಜಿಸ್ಟ್ರೇಷನ್ ತಪ್ಪುತ್ತದಲ್ಲ’ ಎಂಬ ಉತ್ತರ ಸಿಗುತ್ತದೆ. ಬೆಂಗಳೂರಿಗೋ ಹುಬ್ಬಳ್ಳಿಗೋ ಈ ಉತ್ತರ ಒಪ್ಪೀತು. ಒಂದು ವರ್ಷ ಮೀರಿದ ಬಾಡಿಗೆ ಪತ್ರಕ್ಕೆ ನೋಂದಣಿ ಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ, ಹಾಗಾಗಿ ಒಂದು ತಿಂಗಳು ಕಡಿಮೆ. ಆದರೆ ಮಹಾರಾಷ್ಟ್ರದಲ್ಲಿ 2000ನೇ ಇಸವಿಯಿಂದ ಅವಧಿ ಎಷ್ಟೇ ಇರಲಿ, ನೋಂದಣಿ ಕಡ್ಡಾಯ. ಕಾರಣ ಹೋಯಿತು, ಅಂಕೆ ಉಳಿಯಿತು. ಉಳಿಸಿದ್ದು ಭಯ. ಆ ಭಯ ಎಲ್ಲಿಂದ ಬಂತೆಂದು ತಿಳಿಯಲು ಬೈಕುಲ್ಲಾದಂಥ ಹಳೆಯ ಬಡಾವಣೆಯನ್ನು ನೋಡಬೇಕು.

ಒಂದು ಕಡೆ ಗಿರಣಿಗಳು, ಇನ್ನೊಂದು ಕಡೆ ಮಝಗಾಂವ್‌ನ ಗೋದಿ, ನಡುವೆ ಬೈಕುಲ್ಲಾ. 1853ರಲ್ಲಿ ಓಡಿದ ಮೊದಲ ರೈಲು ಇಲ್ಲಿಂದಲೇ ಹಾದುಹೋಯಿತು. 1896ರ ಪ್ಲೇಗಿನ ನಂತರ, 1898ರಲ್ಲಿ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ಪಕ್ಕದ ನಾಗಪಾಡಾ, ಆಗ್ರಿಪಾಡಾಗಳಲ್ಲಿ ಇಕ್ಕಟ್ಟಿನ ಮನೆಗಳನ್ನು ಕೆಡವಿ ರಸ್ತೆ ಬಿಡಿಸಿ ಚಾಳುಗಳನ್ನು ಕಟ್ಟಿಸಿತು. ಟ್ರಸ್ಟ್ ತನ್ನ ನಿವೇಶನಗಳನ್ನು ಕೊಡುತ್ತಿದ್ದದ್ದು 99 ವರ್ಷಕ್ಕೆ, ಕೆಲವೆಡೆ 999 ವರ್ಷಕ್ಕೆ. ಆದರೆ ನಗರದ ಚಾಳುಗಳ ಖೋಲಿಯಲ್ಲಿ ಇದ್ದವನ ಬಾಡಿಗೆ ತಿಂಗಳದ್ದು. ನೆಲಕ್ಕೆ ಶತಮಾನಗಳ ಲೆಕ್ಕ, ಮನುಷ್ಯನಿಗೆ ಮೂವತ್ತು ದಿನದ್ದು.

ಈ ಮೂವತ್ತು ದಿನವನ್ನು ಅನಂತ ಮಾಡಿದ್ದು ಬಾಡಿಗೆ ನಿಯಂತ್ರಣ. ಮೊದಲನೆಯ ಮಹಾಯುದ್ಧದ ಕೊನೆಗೆ, 1918ರಲ್ಲಿ, ಅಂಥ ಮೊದಲ ಕಾಯ್ದೆ ಬಂತು. ಎರಡನೆಯ ಯುದ್ಧದ ನಂತರ ಬಂದ 1947ರ ಬಾಂಬೆ ಬಾಡಿಗೆ ಕಾಯ್ದೆ 1948ರ ಫೆಬ್ರವರಿ 13ರಂದು ಜಾರಿಯಾಯಿತು. 1940ರ ಸೆಪ್ಟೆಂಬರ್ 1ರಂದು ಇದ್ದ ಬಾಡಿಗೆಯೇ ಪ್ರಮಾಣ ಬಾಡಿಗೆ. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಬಾಡಿಗೆ ಕೊಡುತ್ತಿರುವವನನ್ನು ಕಾಯ್ದೆ ಹೇಳಿದ ಕಾರಣಗಳಿಲ್ಲದೆ ಬಿಡಿಸುವಂತಿಲ್ಲ. ಕರಾರಿನ ಅವಧಿ ಮುಗಿಯಿತೆನ್ನುವುದು ಆ ಕಾರಣಗಳಲ್ಲಿ ಇರಲಿಲ್ಲ. ತಮಾಷೆಯೆಂದರೆ ಈ ಕಾಯ್ದೆಯೂ ಅಲ್ಪಾವಧಿಯದೇ. ಕೆಲವು ವರ್ಷಕ್ಕೆಂದು ಬಂದದ್ದನ್ನು ಸರ್ಕಾರ ಮತ್ತೆ ಮತ್ತೆ ಮುಂದುವರಿಸುತ್ತ ಅರ್ಧ ಶತಮಾನ ದಾಟಿಸಿತು. ನವೀಕರಣದ ಕಲೆಯನ್ನು ಮುಂಬಯಿಯ ಮಾಲೀಕರಿಗೆ ಕಲಿಸಿದ್ದು ಸರ್ಕಾರವೇ ಇರಬೇಕು!

ಬಾಡಿಗೆ ನಿಂತಲ್ಲೇ ನಿಂತಾಗ ಹಣ ಬೇರೆ ದಾರಿ ಹಿಡಿಯಿತು. ಅದೇ ಪಗಡಿ. ಒಳಬರುವಾಗ ಒಂದು ಗಂಟು ಕೊಡು, ಆಮೇಲೆ ತಿಂಗಳಿಗೆ ಚಿಲ್ಲರೆ ಬಾಡಿಗೆ. ಖೋಲಿ ಬೇರೆಯವನಿಗೆ ದಾಟುವಾಗ ಮಾಲೀಕನಿಗೆ ಒಂದು ಪಾಲು. ಕಾಯ್ದೆಯ ಕಣ್ಣಿನಲ್ಲಿ ಇದು ಅಪರಾಧ, ಬೈಕುಲ್ಲಾದ ಬೀದಿಯಲ್ಲಿ ದಿನದ ವ್ಯವಹಾರ. ಇಲ್ಲಿ ಅವಧಿಯ ಪ್ರಶ್ನೆಯೇ ಇಲ್ಲ. ತಿಂಗಳ ರಸೀದಿಯೇ ಅಪ್ಪನಿಂದ ಮಗನಿಗೆ ಬರುವ ಆಸ್ತಿ. ಕಟ್ಟಡದ ಗತಿ ಏನಾಯಿತೆಂದು ಹೇಳಬೇಕಾಗಿಲ್ಲ. ನೂರು ರೂಪಾಯಿಯೂ ಹುಟ್ಟದ ಖೋಲಿಗೆ ಸಾವಿರಾರು ರೂಪಾಯಿಯ ದುರಸ್ತಿ ಯಾರು ಮಾಡಿಸುತ್ತಾರೆ? 1969ರಲ್ಲಿ ಸರ್ಕಾರವೇ ದುರಸ್ತಿ ಮಂಡಳಿ ಮಾಡಿ ಹಳೆಯ ಕಟ್ಟಡಗಳಿಗೆ ಸೆಸ್ ಹಾಕಬೇಕಾಯಿತು.

ಹೊಸದಾಗಿ ಮನೆ ಕೊಡುವವರು ಇದನ್ನೆಲ್ಲ ನೋಡಿ ಬೇರೊಂದು ಹೆಸರು ಹುಡುಕಿದರು: ಲೀವ್ ಅಂಡ್ ಲೈಸೆನ್ಸ್. ‘ನೀನು ಬಾಡಿಗೆದಾರನಲ್ಲ, ನನ್ನ ಅನುಮತಿಯಿಂದ ಇರುವವನು’ ಎಂಬುದು ಇದರ ಸಾರ. ಬಾಡಿಗೆ ಕಾಯ್ದೆ ಕಾಪಾಡುವುದು ಬಾಡಿಗೆದಾರನನ್ನು. ಅನುಮತಿಯವನು ಅದರ ಹೊರಗೆ. ಅದಕ್ಕೆ 11 ತಿಂಗಳ ಕಾಗದ, ಮುಗಿದ ಮೇಲೆ ಇನ್ನೊಂದು. ಅದೇ ಮನೆಯಲ್ಲಿ ಅದೇ ಸಂಸಾರ ಹತ್ತು ಕಾಗದಗಳ ಕಾಲ ಇದ್ದರೂ ಪ್ರತಿಸಲವೂ ಹೊಸ ಅತಿಥಿ.

1973ರಲ್ಲಿ ಇದು ಮುರಿದುಬಿತ್ತು. ಆ ವರ್ಷದ ತಿದ್ದುಪಡಿ ಒಂದು ದಿನಾಂಕವನ್ನು ಹಿಡಿಯಿತು: ಫೆಬ್ರವರಿ 1. ಅಂದು ಚಾಲ್ತಿಯಲ್ಲಿರುವ ಲೈಸೆನ್ಸ್ ಕರಾರಿನ ಮೇಲೆ, ಒಂದು ಕೋಣೆಗೆ ಕಡಿಮೆಯಿಲ್ಲದ ಜಾಗದಲ್ಲಿ ಯಾರು ಇದ್ದರೋ ಅವರೆಲ್ಲ ಬಾಡಿಗೆದಾರರು. ಇಲ್ಲಿ ‘ಚಾಲ್ತಿಯಲ್ಲಿರುವ’ ಎಂಬ ಮಾತು ದೊಡ್ಡದು. ಜನವರಿಯಲ್ಲಿ ಕ್ರಮವಾಗಿ ಕಾಗದ ನವೀಕರಿಸಿಕೊಟ್ಟ ಮಾಲೀಕ ಸಿಕ್ಕಿಬಿದ್ದ. ಕಾಗದ ಮುಗಿದರೂ ನವೀಕರಿಸದೆ ಕೂತವನಿಗೆ ವಾದಿಸಲು ಒಂದು ಎಳೆ ಉಳಿಯಿತು. ಅಂದು ಕರಾರು ಜೀವಂತವಿತ್ತೇ, ಸತ್ತಿತ್ತೇ ಎಂಬ ಪ್ರಶ್ನೆಯ ಮೇಲೆ ಖಟ್ಲೆಗಳು ನಡೆದವು. ಬೀದಿಪಾಲಾಗುವ ಅಂಜಿಕೆಯಲ್ಲಿ 11 ತಿಂಗಳಿಗೊಮ್ಮೆ ಸಹಿ ಹಾಕುತ್ತಿದ್ದ ಸಂಸಾರಗಳಿಗೆ ಇದು ನ್ಯಾಯವೇ, ಅದನ್ನು ಅಲ್ಲಗಳೆಯಲಾರೆ. ಆದರೆ ಮಾಲೀಕರು ಕಲಿತ ಪಾಠ ಬೇರೆ. ಮನೆಗೆ ಬೀಗ ಹಾಕಿದರೂ ಸರಿ, ಕೊಡಬಾರದು. ಕೊಟ್ಟರೂ ಚಿಕ್ಕ ಅವಧಿಗೆ.

ನಮ್ಮವರ ಕಥೆ ಈ ತಿದ್ದುಪಡಿಯ ಸಣ್ಣಕ್ಷರದಲ್ಲಿದೆ. ದಕ್ಷಿಣ ಕನ್ನಡ, ಉಡುಪಿಗಳಿಂದ ಹೋದವರಲ್ಲಿ ಅನೇಕರು ಹೋಟೆಲು ನಡೆಸಿದ್ದು ಕಂಡಕ್ಟಿಂಗ್ ಮೇಲೆ. ಹೋಟೆಲು, ಲೈಸೆನ್ಸು, ಕುರ್ಚಿ, ಮೇಜು ಇನ್ನೊಬ್ಬರದು. ನಡೆಸುವವರು ಇವರು, ತಿಂಗಳಿಗೆ ಇಂತಿಷ್ಟು ಕೊಟ್ಟು. ಲೈಸೆನ್ಸಿ ಎಂದರೆ ಯಾರೆಂದು ವಿವರಿಸುವಾಗ 1973ರ ಕಾಯ್ದೆ ಕೆಲವರನ್ನು ಹೊರಗಿಟ್ಟಿತು: ಪೇಯಿಂಗ್ ಗೆಸ್ಟ್, ಮನೆಯ ಸದಸ್ಯ, ಕೆಲಸದವನು, ಜೊತೆಗೆ ಲೈಸೆನ್ಸ್ ಕೊಟ್ಟವನ ನಡೆಯುತ್ತಿರುವ ವ್ಯಾಪಾರವನ್ನು ನಡೆಸುವವನು. ಅಂದರೆ ಕಂಡಕ್ಟಿಂಗಿನವನು. ಹೋಟೆಲಿನ ಮೇಲಿನ ಮಹಡಿಯಲ್ಲಿ ಲೈಸೆನ್ಸಿನ ಮೇಲಿದ್ದ ಗುಮಾಸ್ತ ಬಾಡಿಗೆದಾರನಾಗಬಹುದಿತ್ತು. ಕೆಳಗೆ ಇಪ್ಪತ್ತು ವರ್ಷ ಒಲೆ ಉರಿಸಿದವನು ಅಲ್ಲ. ತಾನು ನಡೆಸುತ್ತಿರುವುದು ಜಾಗವನ್ನೋ ವ್ಯಾಪಾರವನ್ನೋ ಎಂಬ ಒಂದೇ ಮಾತಿನ ಮೇಲೆ ಅವನ ಬದುಕು ನಿಂತಿತ್ತು. ಕೊಟ್ಟವನೇ ಪಗಡಿಯ ಬಾಡಿಗೆದಾರನಾಗಿದ್ದರೆ ಕಟ್ಟಡದ ಮಾಲೀಕ ಬಂದು, ‘ಇದು ಒಳಬಾಡಿಗೆ, ಇಬ್ಬರೂ ಹೊರಡಿ’ ಎನ್ನಬಹುದಿತ್ತು. ಆಗ ಕಂಡಕ್ಟಿಂಗ್ ಕಾಗದವನ್ನು ಇಬ್ಬರೂ ಸೇರಿ ಸಮರ್ಥಿಸಬೇಕು!

ಹಳೆಯ ಬಾಡಿಗೆಯ ಗಂಟನ್ನು ಸಡಿಲಿಸಿದ ತೀರ್ಪಿನಲ್ಲೂ ಕರಾವಳಿಯ ಹೆಸರಿದೆ: ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರ್ಕಾರ. 1997ರ ಡಿಸೆಂಬರ್ 19ರಂದು ಸುಪ್ರೀಂ ಕೋರ್ಟ್, 1940ರ ಬಾಡಿಗೆಗೆ ಕಟ್ಟಿಹಾಕುವುದು ಕಾಲಕ್ರಮದಲ್ಲಿ ಅಸಮಂಜಸವಾಗಿದೆ ಎಂದಿತು. ಕಾಯ್ದೆಯ ಆಯುಸ್ಸು 1998ರ ಮಾರ್ಚ್ 31ಕ್ಕೆ ಮುಗಿಯುವುದಿದ್ದರಿಂದ ಅದನ್ನು ರದ್ದುಮಾಡಲಿಲ್ಲ. ಹೊಸ ಕಾಯ್ದೆ ಜಾರಿಯಾದದ್ದು 2000ದ ಮಾರ್ಚ್ 31ರಂದು. ಅದು ಪಗಡಿಯನ್ನು ಕಾನೂನುಬದ್ಧ ಮಾಡಿತು, ಹಳೆಯ ಬಾಡಿಗೆಗೆ ವರ್ಷಕ್ಕೆ ಶೇ. 4ರ ಏರಿಕೆ ಕೊಟ್ಟಿತು. ವಾಸಕ್ಕೆ ಕೊಟ್ಟ ಲೈಸೆನ್ಸಿನ ಅವಧಿ ಮುಗಿದರೆ ಮನೆ ಬಿಡಲೇಬೇಕು, ಬಿಡದಿದ್ದರೆ ಎರಡು ಪಟ್ಟು ದರದಲ್ಲಿ ಪರಿಹಾರ ಎಂದೂ ಬರೆಯಿತು. ಇದಕ್ಕೆ ಸಕ್ಷಮ ಪ್ರಾಧಿಕಾರ ಎಂಬ ಪ್ರತ್ಯೇಕ ದಾರಿ.

ಹಾಗಾಗಿ ಬೈಕುಲ್ಲಾದಲ್ಲಿ ಫ್ಲ್ಯಾಟು ಕೊಡುವವರಿಗೆ ಇಂದು 11ಕ್ಕೇ ಅಂಟಿಕೊಳ್ಳಲು ಕಾನೂನಿನ ಕಾರಣ ಕಾಣುವುದಿಲ್ಲ. ಲೈಸೆನ್ಸಿಗೆ ಕಡಿಮೆ ಮುದ್ರಾಂಕ ಶುಲ್ಕದ ಸೌಲಭ್ಯ 60 ತಿಂಗಳವರೆಗೂ ಇದೆ. ಅದನ್ನು ಮೀರಿದರೆ ಗುತ್ತಿಗೆಯ ದರ. 22, 33, 36 ತಿಂಗಳ ಕರಾರುಗಳು ಈಗ ಸಾಮಾನ್ಯ. ಮಗಳ ಮದುವೆಗೋ ಸ್ವಂತ ವಾಸಕ್ಕೋ ಮನೆ ಬೇಕಾಗಬಹುದೆಂದಿದ್ದರೆ 11 ಸರಿ. ಇಲ್ಲದಿದ್ದರೆ ಪ್ರತಿವರ್ಷ ನೋಂದಣಿಗೂ ಏಜೆಂಟರಿಗೂ ತೆರುವುದು ದಂಡವೇ. ಎಚ್ಚರ ಬೇಕಾದದ್ದು ನವೀಕರಣದಲ್ಲಿ. ಹಳೆಯ ಕಾಗದದ ಮೇಲೆ ‘ಮುಂದುವರಿದಿದೆ’ ಎಂದು ಬರೆದುಕೊಂಡರೆ ಸಾಲದು, ಹೊಸ ಕರಾರು ಹೊಸದಾಗಿ ನೋಂದಣಿಯಾಗಬೇಕು. ಆ ಹೊಣೆ ಮಾಲೀಕರದು. ತಪ್ಪಿದರೆ 5,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸಜೆ, ಅಥವಾ ಎರಡೂ. ಮೇಲಾಗಿ ಷರತ್ತುಗಳ ಬಗ್ಗೆ ಜಗಳವಾದಾಗ, ಸುಳ್ಳೆಂದು ಸಾಬೀತಾಗುವ ತನಕ, ಒಳಗಿರುವವರ ಮಾತೇ ನಡೆಯುತ್ತದೆ.

ಆ ಬೇಗದ ದಾರಿ ಮನೆಗಳಿಗೆ ಮಾತ್ರ. ಹೋಟೆಲು ಕಂಡಕ್ಟಿಂಗಿಗೆ ಕೊಟ್ಟವರು ಅವಧಿ ಮುಗಿದ ಮೇಲೆ ಈಗಲೂ ನ್ಯಾಯಾಲಯದಲ್ಲೇ ದಾವೆ ಹೂಡಬೇಕು. ಅಲ್ಲಿ ತಿಂಗಳುಗಳ ಲೆಕ್ಕ ಯಾರೂ ಇಡುವುದಿಲ್ಲ, ವರ್ಷಗಳದ್ದೇ ಲೆಕ್ಕ.