ಮುಂಬಯಿಯ ಚಾಳಗಳೂ ದುರಸ್ತಿಯ ಹಕ್ಕೂ

ನಮ್ಮ ಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಪರಿಚಿತವಾದುದು. ದೇವಾಲಯಕ್ಕೆ ಭೂಮಿಯನ್ನು ದತ್ತಿ ಬಿಡುವಾಗ ದಾನಿಯು ಪೂಜೆಗೆ, ನೈವೇದ್ಯಕ್ಕೆ, ನಂದಾದೀಪಕ್ಕೆ ಎಂದು ಹೇಳುವುದರೊಡನೆ, ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೆ ಎಂದೂ ಹೇಳುತ್ತಾನೆ. ಕಟ್ಟಿದ್ದು ಒಂದು ದಿನ ಬಿರುಕು ಬಿಡುತ್ತದೆ. ಅದನ್ನು ಮುಚ್ಚಲು ಹಣ ಬೇಕು. ಆ ಹಣಕ್ಕೊಂದು ಮೂಲ ಬೇಕು. ಈ ವಿವೇಕ ಅಂದಿನವರಿಗಿತ್ತು. ದೇವರ ಮನೆಗೆ ದೊರೆತ ಈ ವ್ಯವಸ್ಥೆ ಬಾಡಿಗೆದಾರನ ಮನೆಗೆ ದೊರೆತ ಬಗೆಯನ್ನು ಮುಂಬಯಿಯ ಚರಿತ್ರೆಯಿಂದ ಈ ಹೊತ್ತು ತಮ್ಮ ಮುಂದಿಡಬಯಸುತ್ತೇನೆ.

ಮುಂಬಯಿಯನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಬಟ್ಟೆ ಗಿರಣಿಗಳ ಆ ನಗರ ಬಾಡಿಗೆದಾರರ ನಗರವಾಗಿಯೇ ಬೆಳೆಯಿತು. ಸಂಸಾರಕ್ಕೊಂದು ಕೋಣೆ, ಎಲ್ಲರಿಗೂ ಒಂದೇ ಪಡಸಾಲೆ, ಒಂದೇ ನಲ್ಲಿ, ಒಂದೇ ಪಾಯಿಖಾನೆ, ಇದೇ ಚಾಳ. ನಮ್ಮ ಕರಾವಳಿಯಿಂದ ಹೋಗಿ, ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಸಾವಿರಾರು ಕನ್ನಡಿಗರೂ ಆ ನಗರದ ಇಕ್ಕಟ್ಟಿನಲ್ಲೇ ಬಾಳಿದರು.

1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮಿನಲ್ಲಿ ಬಾಡಿಗೆದಾರನಿಗೊಂದು ಹಕ್ಕಿದೆ. ಮಾಲೀಕನು ಮಾಡಲೇಬೇಕಾದ ದುರಸ್ತಿಯನ್ನು, ಸೂಚನೆ ಕೊಟ್ಟು ಯುಕ್ತ ಕಾಲ ಕಳೆದರೂ ಮಾಡದಿದ್ದರೆ, ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಓದಲು ಹಿತವಾದ ಮಾತು. ಆದರೆ ‘ಮಾಡಲೇಬೇಕಾದ’ ಎಂಬ ಪದವನ್ನು ಗಮನಿಸಬೇಕು. ಕರಾರಿನಲ್ಲಿ ಮಾಲೀಕ ಒಪ್ಪಿಕೊಂಡಿರದಿದ್ದರೆ ಆ ಹೊಣೆಯನ್ನು ಅವನ ತಲೆಗೆ ಕಟ್ಟುವುದು ಕಷ್ಟವೇ. ಗಿರಣಿಯ ಕೂಲಿಕಾರನಿಗೆ ಕರಾರುಪತ್ರ ಬರೆದುಕೊಡುವವರು ಯಾರು?

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಗಾಳಿ ಬೆಳಕು ಕಾಣದ ಮನೆಗಳತ್ತ ಸರ್ಕಾರದ ಕಣ್ಣು ಹೊರಳಿತು. 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಹುಟ್ಟಿತು. ಟ್ರಸ್ಟು ಇಕ್ಕಟ್ಟಿನ ಕೇರಿಗಳನ್ನು ಕೆಡವಿ ಅಗಲವಾದ ರಸ್ತೆಗಳನ್ನು ತೆಗೆಯಿತು, ಚಾಳಗಳನ್ನೂ ಕಟ್ಟಿಸಿತು. ಆದರೆ ಮನೆ ರೋಗದ ತವರೆಂದು ಕಂಡಿತೇ ಹೊರತು, ಸೋರುವ ಮಾಡನ್ನು ಸರಿಪಡಿಸಿಕೊಡೆಂದು ಕೇಳುವ ಹಕ್ಕು ಒಳಗಿರುವವನಿಗೆ ಉಂಟೆಂದು ಆಗ ಯಾರಿಗೂ ಹೊಳೆದಂತಿಲ್ಲ.

ಆ ಹಕ್ಕು ಗಟ್ಟಿಯಾದುದು 1947ರ ಮುಂಬಯಿ ಬಾಡಿಗೆ ಕಾಯಿದೆಯಲ್ಲಿ. ಬೇರೆ ಒಪ್ಪಂದವಿಲ್ಲದಿದ್ದರೆ ಮನೆಯನ್ನು ವಾಸಯೋಗ್ಯವಾಗಿ ಇರಿಸುವ ಹೊಣೆ ಮಾಲೀಕನದೇ ಎಂದು ಅದು ವಿಧಿಸಿತು. ಅದೇ ಕಾಯಿದೆ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ಮಟ್ಟಕ್ಕೆ ಕಟ್ಟಿಹಾಕಿತು. ಬಡವನನ್ನು ಬೀದಿಪಾಲಾಗದಂತೆ ಉಳಿಸಿದ ಕಟ್ಟಳೆಯದು. ಅದನ್ನು ಹಗುರವಾಗಿ ನುಡಿಯಲಾರೆ. ಆದರೆ ಸುಣ್ಣ, ಮರ, ಕಬ್ಬಿಣ, ಗಾರೆಯವನ ಕೂಲಿ ಇವಾವುವೂ 1940ರಲ್ಲಿ ನಿಲ್ಲಲಿಲ್ಲ. ಹಳೆಯ ಬಾಡಿಗೆಯಿಂದ ಹೊಸ ತೊಲೆ ಬರುವುದಿಲ್ಲವೆಂದು ಮಾಲೀಕರು ಕೈಚೆಲ್ಲಿದರು. ಅವರಲ್ಲಿ ‘ಪಗಡಿ’ ಎಂದು ಕೈಮರೆಯಲ್ಲಿ ಹಣ ಪಡೆದವರೂ ಇದ್ದರು. ಆ ಹಣ ತೊಲೆಯವರೆಗೆ ತಲುಪುವುದು ಅಪರೂಪವಾಗಿತ್ತು. ಮಳೆಗಾಲ ಬಂದರೆ ಹಳೆಯ ಕಟ್ಟಡ ಕುಸಿಯುವುದು ವಾಡಿಕೆಯೇ ಆಗಿಹೋಯಿತು.

ಆಗ ಬಂದದ್ದು 1969ರ ಕಟ್ಟಡ ದುರಸ್ತಿ ಮಂಡಳಿಯ ಕಾಯಿದೆ. ದ್ವೀಪನಗರದ ಹಳೆಯ ಬಾಡಿಗೆ ಕಟ್ಟಡಗಳ ಮೇಲೆ ಒಂದು ಸೆಸ್ ಹಾಕಿ, ಆ ಹಣದ ಜೊತೆಗೆ ಸರ್ಕಾರದ ಹಣವನ್ನೂ ಸೇರಿಸಿ, ಮಾಲೀಕ ಮಾಡದ ದುರಸ್ತಿಯನ್ನು ಮಂಡಳಿಯೇ ಮಾಡಿಸುವುದು ಇದರ ಕ್ರಮ. ಇಂಥ ಕಟ್ಟಡಗಳ ಸಂಖ್ಯೆ 19,000ಕ್ಕೂ ಮಿಗಿಲಾಗಿತ್ತು. 1976ರ ಕಾಯಿದೆಯಿಂದ ಈ ಕಾರ್ಯ ರಾಜ್ಯದ ಗೃಹನಿರ್ಮಾಣ ಪ್ರಾಧಿಕಾರವಾದ ‘ಮ್ಹಾಡಾ’ಕ್ಕೆ ಸೇರಿತು. ನನಗೆ ಈ ಸೆಸ್ಸಿನಲ್ಲಿ ಶಾಸನದ ದತ್ತಿಯ ನೆರಳು ಕಾಣುತ್ತದೆ: ಬಿರುಕಿಗೆಂದೇ ಎತ್ತಿಟ್ಟ ಹಣ.

ಅಷ್ಟರಿಂದಲೇ ಕಥೆ ಮುಗಿಯಲಿಲ್ಲ. 1940ರ ಬಾಡಿಗೆಗೇ ಅಂಟಿಕೊಂಡಿರುವುದು ಕಾಲಕ್ರಮದಲ್ಲಿ ಅಸಮಂಜಸವಾಗಿದೆಯೆಂದು 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. 2000ದ ಮಾರ್ಚ್ 31ರಂದು ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ ವರ್ಷಕ್ಕೆ ನೂರಕ್ಕೆ 4ರಂತೆ ಬಾಡಿಗೆ ಏರಿಸಲು ಎಡೆಗೊಟ್ಟಿತು. ದುರಸ್ತಿಯ ಹಕ್ಕು ಅದರ 14ನೆಯ ಕಲಮಿನಲ್ಲಿದೆ. ಬಾಡಿಗೆದಾರರು, ಒಬ್ಬೊಬ್ಬರಾಗಿಯೋ ಒಟ್ಟಾಗಿಯೋ, ನೋಟೀಸು ಕೊಡಬೇಕು. 15 ದಿನಗಳಲ್ಲಿ ಮಾಲೀಕ ಮಾಡದಿದ್ದರೆ ತಾವೇ ಮಾಡಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಆದರೆ ಒಂದು ವರ್ಷದಲ್ಲಿ ಹಿಡಿಯುವ ಮೊತ್ತ ಆ ವರ್ಷದ ಬಾಡಿಗೆಯ ನಾಲ್ಕನೆಯ ಒಂದು ಭಾಗವನ್ನು ಮೀರಬಾರದು. ತಿಂಗಳಿಗೆ 100 ರೂಪಾಯಿ ಬಾಡಿಗೆಯೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 1,200, ಅದರ ಕಾಲುಭಾಗ 300. ಒಬ್ಬನ 300 ರೂಪಾಯಿಗೆ ಒಂದು ಕಿಟಕಿಯ ಬಾಗಿಲೂ ಬಾರದು. ಐವತ್ತು ಮನೆಯವರು ಕೂಡಿದರೆ 15,000. ಮಾಡಿನ ಸೋರಿಕೆಗಾದರೂ ಕೈಹಾಕಬಹುದು. ‘ಒಟ್ಟಾಗಿ’ ಎಂಬ ಪದ ಕಾಯಿದೆಯಲ್ಲಿ ಸುಮ್ಮನೆ ಬಂದದ್ದಲ್ಲ.

ಗೋಡೆಯೇ ವಾಲಿದಾಗ ಇದೂ ಸಾಲದು. 2017ರ ಆಗಸ್ಟ್ 31ರಂದು ಭೇಂಡಿ ಬಜಾರಿನ ಹುಸೈನಿ ಕಟ್ಟಡ ಕುಸಿದು 33 ಮಂದಿ ಮಡಿದರು. ಅದು ಅಪಾಯದ ಕಟ್ಟಡವೆಂದು 2011ರಲ್ಲಿಯೇ ಗೊತ್ತಾಗಿತ್ತು. ಆದರೂ ಅದರೊಳಗೆ ಜನ ಉಳಿದಿದ್ದರು. ಅಪಾಯ ಬಲ್ಲವರು ಮನೆ ಬಿಡಲು ಏಕೆ ಹಿಂಜರಿಯುತ್ತಾರೆಂಬುದನ್ನು ಚಾಳಗಳ ಬಾಳನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಹೊರಗೆ ಕಾಲಿಟ್ಟವನಿಗೆ ಹಿಂದಿರುಗಿ ಬರುವ ಭರವಸೆ ಬೇಕು. ಅದಿಲ್ಲದಾಗ ಬಿರುಕು ಬಿಟ್ಟ ಗೋಡೆಯೇ ಅವನಿಗೆ ಆಸರೆಯಾಗಿ ತೋರುತ್ತದೆ.

ಬಾಡಿಗೆ ಕೊಡುವವರೂ ಪಡೆಯುವವರೂ ಈ ಚರಿತ್ರೆಯಿಂದ ತಿಳಿಯಬೇಕಾದದ್ದು ಇಷ್ಟೆ. ಹಕ್ಕನ್ನು ಮಾತ್ರ ಬರೆದು ಹಣದ ಮೂಲವನ್ನು ಮರೆತರೆ ಆ ಹಕ್ಕು ಕಾಗದದಲ್ಲಿಯೇ ಉಳಿಯುತ್ತದೆ. ಹಣವಿದ್ದೂ ಕೇಳುವವರಿಲ್ಲದಿದ್ದರೆ ಅದು ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಹಾಗಾಗಿ ಸೋರುವ ಮಾಡಿನ ಕೆಳಗಿರುವವರು ಮೆಟ್ಟಿಲ ಬಳಿ ಗೊಣಗುವುದನ್ನು ಬಿಟ್ಟು, ನೆರೆಯವರ ಸಹಿಯನ್ನೂ ಕೂಡಿಸಿ, ತೇದಿ ಹಾಕಿ, ನೋಟೀಸಿನ ಒಂದು ನಕಲನ್ನು ತಮ್ಮಲ್ಲಿ ಇಟ್ಟುಕೊಳ್ಳಲಿ. ದಾನಿಗಳು ತಮ್ಮ ಮಾತನ್ನು ಕಲ್ಲಿನಲ್ಲಿ ಕೊರೆಸಿದ್ದು ಅದು ನಾಳೆಗೂ ಸಾಕ್ಷಿಯಾಗಿ ನಿಲ್ಲಲೆಂದೇ ಅಲ್ಲವೆ?