ಗೋವೆಯ ಇಗರ್ಜಿಗಳಲ್ಲಿ ಊರವರೂ ವಿಗಾರರೂ

ನಮ್ಮ ಕರಾವಳಿಯಲ್ಲಿ ದೇವಸ್ಥಾನದ ಜಗಳವೆಂದರೆ ಮೊಕ್ತೇಸರಿಕೆಯ ಜಗಳ, ಮಸೀದಿಯ ಜಗಳವೆಂದರೆ ಜಮಾಅತ್ ಕಮಿಟಿಯ ಜಗಳ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಇಗರ್ಜಿಯ ಮಾತು ಬಂದಾಗ ಮಾತ್ರ ಅಲ್ಲಿ ಜಗಳಕ್ಕೆ ಆಸ್ಪದವೇ ಇಲ್ಲ, ವಿಗಾರರು ಹೇಳಿದ್ದೇ ಕೊನೆಯ ಮಾತು, ಊರವರದು ಮೊಣಕಾಲೂರಿ ಕೇಳಿಸಿಕೊಳ್ಳುವ ಕೆಲಸ ಎಂಬ ಭಾವನೆ ಹೊರಗಿನವರಲ್ಲಿ ಬೇರೂರಿದೆ. ಒಳಗಿನವರಲ್ಲಿಯೂ ಅನೇಕರು ಹಾಗೆಯೇ ತಿಳಿದಿದ್ದಾರೆ. ಬೇಳ, ಕಯ್ಯಾರು, ಮಂಜೇಶ್ವರ, ಕುಂಬಳೆಗಳ ಕೊಂಕಣಿ ಕ್ರೈಸ್ತ ಕುಟುಂಬಗಳ ಹಿರಿಯರು ಯಾವ ನಾಡಿನಿಂದ ಬಂದರೋ ಆ ಗೋವೆಯ ಚರಿತ್ರೆ ಇದಕ್ಕೆ ಒಪ್ಪುವುದಿಲ್ಲ. ಅಲ್ಲಿ ನಾಲ್ಕು ನೂರು ವರ್ಷಗಳ ಕಾಲ ಇಗರ್ಜಿಯ ಹಣ, ಹಬ್ಬ, ಗದ್ದೆ ಮತ್ತು ಮರ್ಯಾದೆಗಳ ವಿಷಯದಲ್ಲಿ ಊರವರೂ ಪಾದ್ರಿಗಳೂ ಎದುರುಬದುರಾಗಿ ನಿಂತದ್ದುಂಟು. ಆದರೆ ಈ ಜಗಳದಲ್ಲಿ 'ಊರವರು' ಎಂದರೆ ಯಾರು ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳದೆ ಅದನ್ನು ಅರ್ಥಮಾಡಿಕೊಳ್ಳಲಾಗದು.

ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದಾಗ ಅಲ್ಲಿನ ಹಳ್ಳಿಗಳನ್ನು ನಡೆಸುತ್ತಿದ್ದವರು ಗಾಂವ್ಕಾರರು. ಊರನ್ನು ಮೊದಲು ನೆಲೆಗೊಳಿಸಿದವರು ತಾವೆಂದು ಹೇಳಿಕೊಳ್ಳುವ ಕೆಲವು ಮನೆತನಗಳ ಗಂಡು ಸಂತತಿ ಇವರು. ಒಂದೊಂದು ಮನೆತನಕ್ಕೆ ವಾಂಗೊಡ್ ಎಂದು ಹೆಸರು. ಉಪ್ಪುನೀರನ್ನು ಕಟ್ಟ ಕಟ್ಟಿ ತಡೆದು ಬೆಳೆ ತೆಗೆಯುವ ಖಾಜಣ ಗದ್ದೆಗಳು (ಉತ್ತರ ಕನ್ನಡದವರು ಗಜನಿ ಎಂದೂ ನಮ್ಮ ಮಲಯಾಳಿ ನೆರೆಯವರು ಕೈಪ್ಪಾಡು ಎಂದೂ ಕರೆಯುವ ಬಗೆಯವು) ಊರಿನ ಒಟ್ಟು ಸ್ವತ್ತು. ಅವನ್ನು ಗೇಣಿಗೆ ಕೊಟ್ಟು, ಕಟ್ಟಗಳ ದುರಸ್ತಿಗೂ ದೇವಸ್ಥಾನಕ್ಕೂ ಅರಸರ ತೆರಿಗೆಗೂ ತೆಗೆದಿಟ್ಟು, ಉಳಿದದ್ದನ್ನು ಗಾಂವ್ಕಾರರು ಹಂಚಿಕೊಳ್ಳುತ್ತಿದ್ದರು. ಲೆಕ್ಕ ಬರೆಯುವವನು ಕುಲಕರ್ಣಿ. ಕಂದಾಯದ ಮುಖ್ಯಾಧಿಕಾರಿಯಾಗಿದ್ದ ಅಫೊನ್ಸೊ ಮೆಶಿಯಾ 1526ರಲ್ಲಿ ಹೊರಡಿಸಿದ ಶಾಸನಪತ್ರ ಈ ಪದ್ಧತಿಯನ್ನೆಲ್ಲ ದಾಖಲಿಸಿ ಊರ್ಜಿತಗೊಳಿಸಿತು. ಕನ್ನಡಿಗರಿಗೆ ಕುತೂಹಲ ಹುಟ್ಟಿಸುವ ಇನ್ನೊಂದು ಸಂಗತಿಯೂ ಇದೆ. ಈ ಊರಲೆಕ್ಕಗಳಲ್ಲಿ ಹಲವು ನಮ್ಮ ಲಿಪಿಯ ಬಳಗಕ್ಕೇ ಸೇರಿದ ಗೋಯ್ಕಾನಡಿಯಲ್ಲಿ ಬರೆಯಲ್ಪಟ್ಟಿದ್ದವು. ಗೋವೆಯ ಸರಕಾರಿ ದಫ್ತರದಲ್ಲಿ ಅಂಥ ಕಡತಗಳು ಇಂದಿಗೂ ಇವೆ.

1540ರ ಸುಮಾರಿಗೆ ತಿಸ್ವಾಡಿಯಲ್ಲಿ, 1560ರ ದಶಕದಲ್ಲಿ ಬಾರ್ದೇಶ ಮತ್ತು ಸಾಷ್ಟಿಗಳಲ್ಲಿ ದೇವಸ್ಥಾನಗಳನ್ನು ಕೆಡವಲಾಯಿತು. ದೇವರ ಉಂಬಳಿಯ ಭೂಮಿ ಇಗರ್ಜಿಗಳ ಪಾಲಾಯಿತು. ದೇವರು ಬದಲಾದರೂ ಊರು ಬದಲಾಗಲಿಲ್ಲ. ಮತಾಂತರಗೊಂಡ ಗಾಂವ್ಕಾರನು ಗಾಂವ್ಕಾರನಾಗಿಯೇ ಉಳಿದ. ಹಿಂದೆ ಗರ್ಭಗುಡಿಯ ಮುಂದೆ ಯಾರಿಗೆ ಮೊದಲ ಪ್ರಸಾದ ಸಲ್ಲುತ್ತಿತ್ತೋ ಅವನೇ ಈಗ ಆಲ್ತಾರಿನ ಮುಂದೆ ಮೊದಲ ಸಾಲಿನಲ್ಲಿ ನಿಂತ. ಇಗರ್ಜಿ ಕಟ್ಟಿಸಲು, ಪಾದ್ರಿಗೆ ಸಂಬಳ ಕೊಡಲು, ಮಕ್ಕಳಿಗೆ ಪ್ರಾರ್ಥನೆಯನ್ನೂ ಸಂಗೀತವನ್ನೂ ಕಲಿಸುವ ಮೇಸ್ತ್ರಿಯನ್ನು ಇಟ್ಟುಕೊಳ್ಳಲು ಹಣ ಹೋಗುತ್ತಿದ್ದದ್ದು ಇದೇ ಊರಸ್ವತ್ತಿನಿಂದ. ಪೋರ್ಚುಗೀಸರು ಅದನ್ನು ಕಮ್ಯುನಿದಾದ್ ಎಂದು ಕರೆದರು. ಹಣ ಕೊಡುವವನು ಮಾತೂ ಆಡುತ್ತಾನೆ. ಜಗಳದ ಬೀಜ ಇರುವುದು ಇಲ್ಲಿ.

ಎಲ್ಲ ಊರುಗಳೂ ಸುಮ್ಮನೆ ಒಪ್ಪಿಕೊಂಡವೆಂದು ತಿಳಿಯಬಾರದು. ಸಾಷ್ಟಿಯ ಕುಂಕಳ್ಳಿಯಲ್ಲಿ ಇಗರ್ಜಿಗೆ ಜಾಗ ಹುಡುಕಲು 1583ರ ಜುಲೈ ತಿಂಗಳಲ್ಲಿ ಹೋದ ಐವರು ಜೆಸುಯಿಟರನ್ನೂ ಅವರ ಜತೆಗಾರರನ್ನೂ ಊರವರು ಕೊಂದರು. ಸತ್ತವರಲ್ಲಿ ಒಬ್ಬರು, ಅಕ್ಬರನ ಆಸ್ಥಾನದಿಂದ ಆಗತಾನೇ ಮರಳಿದ್ದ ರುದೋಲ್ಫ್ ಅಕ್ವವೀವ. ಮುಂದೆ ಕುಂಕಳ್ಳಿಯ ಮುಖಂಡರನ್ನು ಮಾತುಕತೆಗೆಂದು ಅಸೋಳ್ಣೆಯ ಕೋಟೆಗೆ ಕರೆಸಿ ಕೊಲ್ಲಲಾಯಿತು, ಊರಿನ ಭೂಮಿ ಗಾಂವ್ಕಾರರ ಕೈತಪ್ಪಿತು. ಐವರು ಪಾದ್ರಿಗಳನ್ನು ರೋಮ್ 1893ರಲ್ಲಿ ಧನ್ಯರೆಂದು ಸಾರಿತು. ಕುಂಕಳ್ಳಿಯವರಿಗೆ ಮಾತ್ರ ತಮ್ಮ ಕಡೆಯ ಸತ್ತವರೇ ಹೆಚ್ಚು ನೆನಪು. ಅಲ್ಲಿಂದ ಫಾತರ್ಪೆಗೆ ಸಾಗಿಸಿದ ಶಾಂತಾದುರ್ಗೆಯನ್ನು ವರ್ಷಕ್ಕೊಮ್ಮೆ ಹಳೆಯ ಸ್ಥಳಕ್ಕೆ ತರುವ ಛತ್ರಿಯ ಉತ್ಸವದಲ್ಲಿ ಹನ್ನೆರಡು ಛತ್ರಿಗಳಿರುತ್ತವೆ, ಹನ್ನೆರಡು ವಾಂಗೊಡ್‌ಗಳಿಗೆ ಒಂದೊಂದು. ಇಂದು ಕ್ರೈಸ್ತರಾಗಿರುವ ಗಾಂವ್ಕಾರ ಮನೆತನಗಳವರಿಗೂ ಅದರಲ್ಲಿ ಪಾಲು ಉಂಟು.

ಇಗರ್ಜಿಯ ದಿನನಿತ್ಯದ ಆಡಳಿತ ಹೇಗಿತ್ತು? ಎರಡು ಸಂಸ್ಥೆಗಳ ಹೆಸರು ತಿಳಿದಿರಬೇಕು. ಒಂದು ಫಾಬ್ರಿಕಾ. ಕಟ್ಟಡ, ಆಸ್ತಿ, ಮೇಣದಬತ್ತಿಯಿಂದ ಹಿಡಿದು ಹೆಂಚಿನವರೆಗಿನ ಖರ್ಚು ಇದರ ವ್ಯವಹಾರ. ಎರಡನೆಯದು ಕೊನ್ಫ್ರಾರಿಯಾ, ಭಕ್ತರ ಸಹೋದರ ಸಂಘ. ಹಬ್ಬ ನಡೆಸುವುದು, ಮೆರವಣಿಗೆಯಲ್ಲಿ ಪಲ್ಲಕ್ಕಿಯ ಹಾಗೆ ಮೇಲ್ಕಟ್ಟು ಹಿಡಿಯುವುದು, ಸತ್ತ ಸದಸ್ಯನ ಶವಕ್ಕೆ ಹೆಗಲು ಕೊಟ್ಟು ಅವನ ಆತ್ಮಕ್ಕೆ ಪೂಜೆ ಹೇಳಿಸುವುದು, ಕೈಯಲ್ಲಿರುವ ಹಣವನ್ನು ಬಡ್ಡಿಗೆ ಕೊಡುವುದು, ದಾನವಾಗಿ ಬಂದ ಗದ್ದೆ ತೋಟಗಳನ್ನು ನೋಡಿಕೊಳ್ಳುವುದು ಇದರ ಕೆಲಸ. ಪ್ರತಿ ಸಂಘಕ್ಕೂ ತನ್ನದೇ ನಿಬಂಧನೆಗಳ ಪುಸ್ತಕ, ಖಜಾಂಚಿ, ಗುಮಾಸ್ತ, ಚುನಾವಣೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ನಿಬಂಧನೆಗಳಿಗೆ ಸರಕಾರದ ಮಂಜೂರಾತಿಯೂ ಬೇಕಾಯಿತು. ಹೀಗಾಗಿ ವಿಗಾರರೊಡನೆ ತಕರಾರು ಬಂದರೆ ಸಂಘದವರು ಬಿಷಪರ ಬಳಿಗೂ ಹೋಗಬಹುದಿತ್ತು, ಪಣಜಿಯ ಸರಕಾರಿ ಕಚೇರಿಗೂ ಹೋಗಬಹುದಿತ್ತು. ಒಬ್ಬರ ತೀರ್ಪು ರುಚಿಸದಿದ್ದರೆ ಮತ್ತೊಬ್ಬರ ಬಾಗಿಲು ತೆರೆದೇ ಇತ್ತು. ನಮ್ಮ ಕಡೆಯ ಭೂಮಿ ವ್ಯಾಜ್ಯಗಳನ್ನು ಕಂಡವರಿಗೆ ಇದು ಹೊಸದಾಗಿ ತೋರದು.

ಮೊದಮೊದಲು ವಿಗಾರರೆಂದರೆ ಪರದೇಶಿ ಸನ್ಯಾಸಿಗಳು. ಸಾಷ್ಟಿಯಲ್ಲಿ ಜೆಸುಯಿಟರು, ಬಾರ್ದೇಶದಲ್ಲಿ ಫ್ರಾನ್ಸಿಸ್ಕನರು. ಆಗ ಊರಿನ ತಗಾದೆಗೆ ಒಂದು ಸರಳ ರೂಪವಿತ್ತು: ನಮ್ಮ ಹಣ, ಅವರ ಅಧಿಕಾರ. 1759ರಲ್ಲಿ ಪೊಂಬಾಲ್ ಜೆಸುಯಿಟರನ್ನು ಹೊರಹಾಕಿದ. 1835ರಲ್ಲಿ ಲಿಸ್ಬನ್ನಿನ ಉದಾರವಾದಿಗಳು ಗೋವೆಯ ಸನ್ಯಾಸಿ ಮಠಗಳನ್ನೆಲ್ಲ ಮುಚ್ಚಿಸಿದರು. ಆಮೇಲೆ ಊರಿನ ವಿಗಾರರು ಗೋವೆಯವರೇ ಆದರು. ಜಗಳ ಮುಗಿಯಬೇಕಿತ್ತಲ್ಲವೆ? ಮುಗಿಯಲಿಲ್ಲ. ವಿಗಾರರಿಗೂ ಒಂದು ಮನೆ, ಒಂದು ಜಾತಿ ಇತ್ತು, ಊರವರಿಗೆ ಅದು ಗೊತ್ತಿತ್ತು.

ಇಲ್ಲಿಗೆ ನಾವು ಮೊದಲಿನ ಪ್ರಶ್ನೆಗೆ ಬರುತ್ತೇವೆ. ಕೊನ್ಫ್ರಾರಿಯಾಗಳು ಬಹುಪಾಲು ಜಾತಿಯ ಸಂಘಗಳಾಗಿದ್ದವು. ಬಾಮಣರದ್ದು ಒಂದು, ಚಾರ್ಡೊಗಳದ್ದು ಒಂದು, ಸುದಿರರದ್ದು ಇನ್ನೊಂದು. ಮೇಲಿನವರು ಮೆರವಣಿಗೆಯಲ್ಲಿ ಕೆಂಪು ಹೆಗಲುವಸ್ತ್ರ ಧರಿಸಿದರೆ ಕೆಳಗಿನವರಿಗೆ ನೀಲಿ. ಪ್ರಧಾನ ಹಬ್ಬ ಗಾಂವ್ಕಾರರಿಗೆ, ಉಳಿದವರಿಗೆ ಚಿಕ್ಕ ಹಬ್ಬ. ದುಡಿಯುವವರಲ್ಲಿ ಎಷ್ಟೋ ಜನರಿಗೆ ಯಾವ ಸಂಘವೂ ಇರಲಿಲ್ಲ. ಆದುದರಿಂದ ಸಂಘದವರು ವಿಗಾರರ ಮುಂದೆ ನಿಂತು 'ಇದು ಊರಿನ ಹಕ್ಕು' ಎಂದಾಗ ಆ ಊರಿನಲ್ಲಿ ಎಷ್ಟು ಜನ ಸೇರಿದ್ದರು ಎಂದು ಎಣಿಸಿ ನೋಡಬೇಕು. ಪಾದ್ರಿಗಳ ದರ್ಪವನ್ನು ಎದುರಿಸಿದ ವೀರರೆಂದು ಈ ಸಂಘಗಳನ್ನು ಹೊಗಳುವ ಬರವಣಿಗೆಗಳುಂಟು. ನನಗೆ ಆ ಹೊಗಳಿಕೆಯಲ್ಲಿ ಅರ್ಧ ಮಾತ್ರ ಸಮ್ಮತ. ಅವರು ಲೆಕ್ಕ ಕೇಳಿದ್ದು ನಿಜ, ಲೆಕ್ಕ ಇಟ್ಟದ್ದೂ ನಿಜ. ಆದರೆ ತಮ್ಮ ಪಕ್ಕದ ಕೇರಿಯವನು ಅದೇ ಲೆಕ್ಕ ಕೇಳಿದರೆ ಅವನಿಗೆ ಬಾಗಿಲು ಹಾಕಿದ್ದೂ ಅಷ್ಟೇ ನಿಜ.

ಕುಂಕಳ್ಳಿಯನ್ನೇ ಮತ್ತೆ ನೋಡಬಹುದು. 1583ರಲ್ಲಿ ಇಗರ್ಜಿ ಬೇಡವೆಂದು ಪ್ರಾಣ ಕೊಟ್ಟ ಊರಿನಲ್ಲಿ ಮುಂದೆ ಆರೋಗ್ಯಮಾತೆಯ ಹಬ್ಬ ಗಾಂವ್ಕಾರ ಮನೆತನಗಳ ಮುಷ್ಟಿಗೆ ಬಂತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಗಾಂವ್ಕಾರರಲ್ಲದವರು ಈ ಏಕಸ್ವಾಮ್ಯವನ್ನು ಪ್ರಶ್ನಿಸಿದರು. ಅವರ ಕೈಗೆ ಹಣ ಬಂದಿತ್ತು, ಅವರ ಮಕ್ಕಳು ಓದಿದ್ದರು, ಕೊಲ್ಲಿ ದೇಶಗಳಿಗೆ ಹೋಗಿದ್ದರು. ಹಬ್ಬ ಎಲ್ಲರದ್ದಾಗಲಿ ಎಂಬ ಬೇಡಿಕೆಗೆ ಗಾಂವ್ಕಾರರ ಉತ್ತರ ಹಳೆಯದೇ: ಇದು ನಮ್ಮ ಹಿರಿಯರ ಸ್ವತ್ತು. ತಕರಾರು ವರ್ಷಗಟ್ಟಲೆ ಎಳೆಯಿತು. ಇಂಥ ಕಡೆಗಳಲ್ಲಿ ಬಿಷಪರ ಅಧಿಕಾರವೇ ಕೆಳಗಿನವರಿಗೆ ಆಸರೆಯಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಪಾದ್ರಿ ಒಂದು ಕಡೆ, ಭಕ್ತರು ಇನ್ನೊಂದು ಕಡೆ ಎಂದು ಗೆರೆ ಎಳೆದರೆ ಈ ಜನರನ್ನು ಎಲ್ಲಿ ನಿಲ್ಲಿಸುವುದು?

ಮತ್ತೊಂದು ಬದಲಾವಣೆ ಸದ್ದಿಲ್ಲದೆ ನಡೆಯಿತು. 1961ರಲ್ಲಿ ಪೋರ್ಚುಗೀಸರು ಹೊರಟುಹೋದರು. 1964ರ ಗೇಣಿ ಶಾಸನ, ಅದಕ್ಕೆ 1976ರಲ್ಲಿ ಬಂದ ಐದನೆಯ ತಿದ್ದುಪಡಿ ಉಳುವವನನ್ನು ಒಡೆಯನನ್ನಾಗಿಸಿದವು. ಕಮ್ಯುನಿದಾದ್‌ಗಳ ಗದ್ದೆಯ ಆದಾಯ ಬತ್ತಿದ ಮೇಲೆ ಗಾಂವ್ಕಾರನ ಮಾತಿನ ತೂಕವೂ ಇಳಿಯಿತು. ಇಗರ್ಜಿ ಈಗ ನಡೆಯುವುದು ವಾರದ ಕಾಣಿಕೆಯಿಂದ, ಹೊರದೇಶದ ಮಕ್ಕಳು ಕಳಿಸುವ ಹಣದಿಂದ. ಆ ಹಣಕ್ಕೆ ಜಾತಿಯ ಹೆಸರಿಲ್ಲ ಎಂಬುದು ಒಳ್ಳೆಯದು. ಆದರೆ ಅದನ್ನು ಕೊಟ್ಟವನು ಎದ್ದುನಿಂತು ಲೆಕ್ಕ ಕೇಳಲು ಹಳೆಯ ಸಂಘದಂಥ ಜಾಗವೂ ಇಲ್ಲ.

ಗೋವೆಯ ಈ ಕಥೆಯೊಂದಿಗೆ ನಮ್ಮ ಮಲಯಾಳಿ ಓದುಗರ ಚರಿತ್ರೆಗೂ ನೇರ ಸಂಬಂಧವಿದೆ. 1599ರ ಜೂನ್ ತಿಂಗಳಲ್ಲಿ ಉದಯಂಪೇರೂರಿನಲ್ಲಿ ಸಭೆ ಕರೆದು ಕೇರಳದ ಮಾರ್ತೋಮಾ ಕ್ರೈಸ್ತರ ಆಚಾರಗಳನ್ನು ತಿದ್ದಹೊರಟ ಅಲೇಶೊ ದೆ ಮೆನೆಜಸ್ ಗೋವೆಯ ಆರ್ಚ್‌ಬಿಷಪರೇ. ಕೇರಳದ ಹಳೆಯ ಪಳ್ಳಿಗಳಲ್ಲಿ ಊರ ಮನೆಗಳ ಹಿರಿಯರೂ ಪಾದ್ರಿಗಳೂ ಒಟ್ಟಿಗೆ ಕುಳಿತು ತೀರ್ಮಾನಿಸುವ ಪಳ್ಳಿಯೋಗವಿತ್ತು. ಪೋರ್ಚುಗೀಸ್ ಪದ್ಧತಿಗೆ ಅದು ಜೀರ್ಣವಾಗುವ ವಸ್ತುವಲ್ಲ. 1653ರ ಜನವರಿಯಲ್ಲಿ ಮಟ್ಟಾಂಚೇರಿಯಲ್ಲಿ ಕೂನನ್ ಕುರಿಶಿಗೆ ಹಗ್ಗ ಕಟ್ಟಿ ಹಿಡಿದು ಜನ ಪ್ರತಿಜ್ಞೆ ಮಾಡಿದ್ದರ ಹಿಂದೆ ಈ ಸಂಕಟವೂ ಇತ್ತು.

ತುಳುನಾಡಿಗೆ ವಲಸೆ ಬಂದವರು ಗಾಂವ್ಕಾರಿಕೆಯನ್ನು ಹೊತ್ತು ತರಲಾಗಲಿಲ್ಲ. ಗದ್ದೆ ಇಲ್ಲದೆ ಗಾಂವ್ಕಾರನೆಲ್ಲಿ? ಇಲ್ಲಿನ ಇಗರ್ಜಿಯ ವಾಳೆಗಳ ಮುಖ್ಯಸ್ಥರಿಗೆ ಇರುವ ಹೆಸರು ಗುರ್ಕಾರ. ಗೋವೆಯ ಗಾಂವ್ಕಾರ ಎಂಬ ಮಾತಿಗಿಂತ, ನಮ್ಮ ದೈವಸ್ಥಾನ ದೇವಸ್ಥಾನಗಳ ಗುರಿಕಾರನೇ ಇಗರ್ಜಿಯೊಳಗೆ ಹೋಗಿ ಗುರ್ಕಾರನಾದನೆಂದು ನನಗೆ ತೋರುತ್ತದೆ. ಈ ಜನ ಪಾದ್ರಿಗಳ ಬಗ್ಗೆ ಮೌನವಾಗಿದ್ದವರೂ ಅಲ್ಲ. 1830ರ ದಶಕದಲ್ಲಿ ಕೆನರಾದ ಕ್ರೈಸ್ತರಲ್ಲಿ ಒಂದು ಪಂಗಡ ಗೋವೆಯ ಆಳ್ವಿಕೆ ಸಾಕೆಂದು ರೋಮಿಗೆ ಬರೆದುಕೊಂಡಿತು. ಮೊದಲು ವರಾಪ್ಪುಳದ ಕೆಳಗೆ, 1845ರಲ್ಲಿ ಪ್ರತ್ಯೇಕವಾಗಿ, 1878ರಲ್ಲಿ ಜೆಸುಯಿಟರ ಕೈಗೆ, 1886ರಲ್ಲಿ ಸ್ವಂತ ಧರ್ಮಪ್ರಾಂತ್ಯವಾಗಿ ಮಂಗಳೂರು ರೂಪುಗೊಂಡಿತು. ಈ ನಡುವೆ ಗೋವೆಗೆ ನಿಷ್ಠರಾಗಿ ಉಳಿದವರೂ ಇದ್ದರು. ಬೇಳದ ಶೋಕಮಾತೆಯ ಇಗರ್ಜಿ 1890ರಲ್ಲಿ ಆರಂಭವಾದಾಗ ಆ ಜಗಳ ತಣ್ಣಗಾಗಿತ್ತು.

ಈಗಿನ ಕಾನೂನು ಏನು ಹೇಳುತ್ತದೆ? ಎರಡನೆಯ ವ್ಯಾಟಿಕನ್ ಮಹಾಸಭೆ (1962-65) ಚರ್ಚನ್ನು ದೇವಪ್ರಜೆ ಎಂದು ಕರೆಯಿತು. 1983ರ ಕ್ಯಾನನ್ ಸಂಹಿತೆಯ 537ನೆಯ ಕಲಮಿನಂತೆ ಪ್ರತಿ ಇಗರ್ಜಿಯಲ್ಲಿ ಹಣಕಾಸು ಸಮಿತಿ ಇರಲೇಬೇಕು, ಆದರೆ ಅದು ಇರುವುದು ವಿಗಾರರಿಗೆ ನೆರವಾಗಲು. 536ನೆಯ ಕಲಮಿನ ಪಾಲನಾ ಮಂಡಳಿಗೆ ಸಲಹೆಯ ಮತ ಮಾತ್ರ. 532ರಂತೆ ಕಾನೂನಿನ ವ್ಯವಹಾರಗಳಲ್ಲಿ ಇಗರ್ಜಿಯ ಪರವಾಗಿ ನಿಲ್ಲುವವರು ವಿಗಾರರೊಬ್ಬರೇ. ಭಕ್ತರು ಕೊಟ್ಟ ಹಣದ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದು 1287 ಹೇಳುತ್ತದೆ, ಹೇಗೆಂಬುದನ್ನು ಆಯಾ ಪ್ರಾಂತ್ಯದ ನಿಯಮಕ್ಕೆ ಬಿಟ್ಟಿದೆ. ಗೋವೆಯ ಹಿಂದೂ ದೇವಸ್ಥಾನಗಳ ಮಹಾಜನರಿಗೆ 1933ರ ಪೋರ್ಚುಗೀಸ್ ಕಟ್ಟಳೆಯ ಬಲವಿದೆ (ಅಲ್ಲಿಯೂ ಮಹಾಜನರೆಂದರೆ ಕೆಲವೇ ಮನೆತನಗಳು, ಅದು ಬೇರೆ ಮಾತು). ಇಗರ್ಜಿಯ ಭಕ್ತರಿಗೆ ಅಂಥದೊಂದು ಶಾಸನ ಬೇಕೆಂದು ಹಿಂದಿನ ಕೇಂದ್ರ ಸಚಿವ ಎಡ್ವರ್ಡೊ ಫಲೇರೊ ಬಹಿರಂಗವಾಗಿ ವಾದಿಸಿದ್ದಾರೆ. ಕೇರಳದಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಆಯೋಗ 2009ರಲ್ಲಿ ಚರ್ಚ್ ಸ್ವತ್ತುಗಳನ್ನು ಆಯ್ದ ಟ್ರಸ್ಟುಗಳಿಗೆ ಒಪ್ಪಿಸುವ ಮಸೂದೆಯೊಂದನ್ನು ಸಿದ್ಧಪಡಿಸಿತು. ಬಿಷಪರು ಅದನ್ನು ವಿರೋಧಿಸಿದರು, ಮಸೂದೆ ಕಾನೂನಾಗಲಿಲ್ಲ.

ನಮ್ಮ ಕಡೆಯ ಇಗರ್ಜಿಗಳ ಹಬ್ಬದ ಆಮಂತ್ರಣ ಪತ್ರಿಕೆಗಳನ್ನು ಎತ್ತಿ ನೋಡಿದರೆ ಪಾಲನಾ ಮಂಡಳಿಯ ಸ್ಥಿತಿ ಒಂದೇ ಸಾಲಿನಲ್ಲಿ ತಿಳಿಯುತ್ತದೆ. ಊರವರ ಪ್ರತಿನಿಧಿಗೆ ಅದರಲ್ಲಿ ಸಿಗುವ ಅತಿ ದೊಡ್ಡ ಹುದ್ದೆ ಉಪಾಧ್ಯಕ್ಷ. ಅಧ್ಯಕ್ಷರ ಜಾಗದಲ್ಲಿ ವಿಗಾರರ ಹೆಸರು ಇರುತ್ತದೆ.