ಸಮಾಧಿಕಲ್ಲು ಮತ್ತು ಉಕ್ಕಿನ ಕುಲುಮೆ

ಕ್ರಿಸ್ತಜಯಂತಿಯ ಹಿಂದಿನ ಸಂಜೆ ನಮ್ಮ ಮನೆಗಳಲ್ಲಿ ಗೋದಲಿಯ ಮುಂದೆ ದೀಪ ಹಚ್ಚುವ ಹೊತ್ತು. 1899ರ ಅದೇ ಸಂಜೆ, ಛೋಟಾನಾಗಪುರದ ಸರ್ವದಾ ಎಂಬ ಹಳ್ಳಿಯ ಮಿಷನ್ ಅಂಗಳಕ್ಕೆ ಬಾಣಗಳು ಬಂದು ಬಿದ್ದವು. ಬಾಣ ಬಿಟ್ಟವರು ಬಿರ್ಸಾ ಮುಂಡಾನ ಅನುಯಾಯಿಗಳು. ಅಲ್ಲಿದ್ದವರು ಯೇಸುಸಭೆಯ ಜರ್ಮನ್ ಗುರು ಫಾದರ್ ಜಾನ್ ಹಾಫ್‌ಮನ್ ಮತ್ತು ಅವರ ಜೊತೆಯ ಗುರುಗಳೊಬ್ಬರು. ಇಬ್ಬರೂ ಬದುಕಿ ಉಳಿದರು.

ಹಬ್ಬದ ದಿನದಲ್ಲಿ ಗುರುಗಳ ಮೇಲೆ ಬಾಣ ಬಿಡುವಷ್ಟು ಕೋಪ ಏಕೆ ಬಂತು ಎಂದು ನಾವು ಕೇಳಿಕೊಳ್ಳಬೇಕು. ಮುಂಡಾ ಜನರಲ್ಲಿ ಕಾಡು ಕಡಿದು ಗದ್ದೆ ಮಾಡಿದ ಮನೆತನಕ್ಕೇ ಆ ಊರಿನ ಭೂಮಿ ಸೇರುತ್ತಿತ್ತು. ಇದಕ್ಕೆ ಖೂಂಟ್‌ಕಟ್ಟಿ ಎಂದು ಹೆಸರು. ನಮ್ಮಲ್ಲಿ ಪಹಣಿ ಪತ್ರ ಇದ್ದ ಹಾಗೆ ಅವರಲ್ಲಿ ಕಾಗದ ಇರಲಿಲ್ಲ. ಊರಿನಲ್ಲಿ ಹಿರಿಯರ ಅಸ್ಥಿಯ ಮೇಲೆ ಇಟ್ಟ ಸಸನ್‌ದಿರಿ ಎಂಬ ದೊಡ್ಡ ಸಮಾಧಿಕಲ್ಲುಗಳೇ ಅವರ ಹಕ್ಕುಪತ್ರ. ‘ನಮ್ಮ ಅಜ್ಜಂದಿರು ಇಲ್ಲಿ ಮಲಗಿದ್ದಾರೆ, ಆದ್ದರಿಂದ ಈ ನೆಲ ನಮ್ಮದು’ ಎಂಬುದು ಅವರ ವಾದ. ಬ್ರಿಟಿಷರ ಕಚೇರಿಗೆ ಕಲ್ಲಿನ ಭಾಷೆ ಬರಲಿಲ್ಲ. ಜಮೀನುದಾರರೂ ಸಾಹುಕಾರರೂ ಕಾಗದ ತಂದರು, ಗೆದ್ದರು. ಭೂಮಿ ಕಳೆದುಕೊಂಡವನು ತನ್ನ ಹೊಲದಲ್ಲೇ ಬಿಟ್ಟಿ ದುಡಿಯಬೇಕಾಯಿತು. ಹೊರಗಿನಿಂದ ಬಂದವರನ್ನೆಲ್ಲ ಮುಂಡರು ‘ದಿಕು’ ಎಂದು ಕರೆದರು. ಬಿಳಿಯ ಗುರುಗಳನ್ನೂ ಆ ಸಾಲಿಗೇ ಸೇರಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಒಂದು ಮಾತನ್ನು ಮುಚ್ಚಿಡುವುದು ಬೇಡ. ಹಾಫ್‌ಮನ್ ಅವರು ಬಿರ್ಸಾನ ಬೆಂಬಲಿಗರಾಗಿರಲಿಲ್ಲ, ವಿರೋಧಿಯೇ ಆಗಿದ್ದರು. 1900ರ ಜೂನ್ 9ರಂದು ಬಿರ್ಸಾ ರಾಂಚಿಯ ಸೆರೆಮನೆಯಲ್ಲಿ ತೀರಿಕೊಂಡ. ಆಗ ಅವನಿಗೆ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಆದರೆ ಆ ಬಾಣಗಳ ಹಿಂದಿದ್ದ ಪ್ರಶ್ನೆಯನ್ನು ಹಾಫ್‌ಮನ್ ಬಿಡಲಿಲ್ಲ. ಮುಂಡಾರಿ ಭಾಷೆ ಬಲ್ಲ ಅವರು ಆ ಜನರ ಭೂ ಪದ್ಧತಿಯನ್ನು ಕಂಡು ಕೇಳಿ ಬರೆದಿಟ್ಟರು, ಅಧಿಕಾರಿಗಳಿಗೆ ಬಿಡಿಸಿ ಹೇಳಿದರು. 1908ರಲ್ಲಿ ಬಂದ ಛೋಟಾನಾಗಪುರ ಗೇಣಿ ಕಾಯ್ದೆಯಲ್ಲಿ ಖೂಂಟ್‌ಕಟ್ಟಿ ಹಕ್ಕಿಗೆ ಮಾನ್ಯತೆ ಸಿಕ್ಕಿತು, ಆದಿವಾಸಿಯ ಭೂಮಿ ಪರರ ಕೈಸೇರುವುದಕ್ಕೆ ತಡೆ ಬಂತು. ಇದರಲ್ಲಿ ಹಾಫ್‌ಮನ್ ಅವರ ಪಾಲು ದೊಡ್ಡದು, ಬಿರ್ಸಾನ ಪಾಲು ಅದಕ್ಕಿಂತ ದೊಡ್ಡದು. ಮರುವರ್ಷ ಹಾಫ್‌ಮನ್ ಸಾಹುಕಾರರ ಬಡ್ಡಿಯಿಂದ ಜನರನ್ನು ಬಿಡಿಸಲು ಕ್ಯಾಥೋಲಿಕ್ ಸಹಕಾರಿ ಸಾಲ ಸಂಘವನ್ನು ಕಟ್ಟಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಪ್ರಜೆ ಎಂಬ ಕಾರಣಕ್ಕೆ ಅವರು ಭಾರತ ಬಿಡಬೇಕಾಯಿತು. 1928ರಲ್ಲಿ ತೀರಿಕೊಂಡರು, ಮತ್ತೆ ಬರಲಾಗಲಿಲ್ಲ.

ಕಾಯ್ದೆ ಬಂದ ಕಾಲಕ್ಕೇ ಉಕ್ಕೂ ಬಂತು. ಭೂವಿಜ್ಞಾನಿ ಪಿ.ಎನ್. ಬೋಸರು ಮಯೂರ್‌ಭಂಜ್‌ನ ಗೊರುಮಹಿಸಾನಿ ಬೆಟ್ಟದಲ್ಲಿ ಒಳ್ಳೆಯ ಕಬ್ಬಿಣದ ಅದಿರಿದೆ ಎಂದು 1904ರಲ್ಲಿ ಟಾಟಾ ಅವರಿಗೆ ಕಾಗದ ಬರೆದಿದ್ದರು. 1907ರಲ್ಲಿ ಕಂಪನಿ ಹುಟ್ಟಿತು. ಸುವರ್ಣರೇಖಾ ಮತ್ತು ಖರ್ಕಾಯಿ ನದಿಗಳು ಕೂಡುವಲ್ಲಿ ಸಾಕ್ಚಿ ಎಂಬ ಹಳ್ಳಿಯ ಬಳಿ ಕಾರ್ಖಾನೆ ಎದ್ದಿತು. 1912ರಲ್ಲಿ ಅಲ್ಲಿ ಉಕ್ಕು ಹರಿಯಿತು. 1919ರ ಜನವರಿ 2ರಂದು ವೈಸರಾಯ್ ಚೆಲ್ಮ್ಸ್‌ಫರ್ಡ್ ಆ ಊರಿಗೆ ಜಮ್‌ಷೆಡ್‌ಪುರ ಎಂದು ಹೆಸರಿಟ್ಟರು. ಈ ತಾರೀಖನ್ನು ನೆನಪಿಡೋಣ, ಅದು ಮತ್ತೆ ಬರುತ್ತದೆ.

ಸ್ವಾತಂತ್ರ್ಯ ಬಂದ ಮೇಲೆ ಸರದಿ ರೂರ್ಕೆಲಾದ್ದು. ಪಶ್ಚಿಮ ಜರ್ಮನಿಯ ನೆರವಿನಿಂದ ವರ್ಷಕ್ಕೆ 10 ಲಕ್ಷ ಟನ್ ಉಕ್ಕಿನ ಸರಕಾರಿ ಕಾರ್ಖಾನೆ. 1959ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ‘ಪಾರ್ವತಿ’ ಎಂಬ ಮೊದಲ ಊದು ಕುಲುಮೆಯನ್ನು ಉದ್ಘಾಟಿಸಿದರು. ಇಡೀ ದೇಶ ಹೆಮ್ಮೆಪಟ್ಟಿತು, ಅದು ತಪ್ಪೂ ಅಲ್ಲ. ಆದರೆ ಕಾರ್ಖಾನೆಗಾಗಿ ಸುಮಾರು 20,000 ಎಕರೆ ಭೂಮಿ ಹೋಯಿತು, 30ಕ್ಕೂ ಹೆಚ್ಚು ಹಳ್ಳಿಗಳು ಎದ್ದವು. ಕಾರ್ಖಾನೆಗೆ ನೀರು ಬೇಕೆಂದು ಶಂಖ ನದಿಗೆ ಮಂದಿರಾ ಅಣೆಕಟ್ಟು ಕಟ್ಟಿದಾಗ ಇನ್ನಷ್ಟು ಹಳ್ಳಿಗಳು ಮುಳುಗಿದವು. ಎದ್ದವರಲ್ಲಿ ಹೆಚ್ಚಿನವರು ಓರಾಂವ್, ಮುಂಡಾ, ಖರಿಯಾ ಜನ. ನಮ್ಮ ಹಾಗೆಯೇ ಭಾನುವಾರ ಪೂಜೆಗೆ ಹೋಗುವ ಕುಟುಂಬಗಳೂ ಅವರಲ್ಲಿ ಬಹಳ ಇದ್ದವು. ಜಲ್ದಾ, ಝಿರ್‌ಪಾನಿ ಮುಂತಾದ ಕಾಲೊನಿಗಳಲ್ಲಿ ಅವರಿಗೆ ನಿವೇಶನ ಸಿಕ್ಕಿತು. ಕೈಗೆ ಬಂದ ಪರಿಹಾರದ ಹಣ ಬೇಗ ಕರಗಿತು. ನೇಗಿಲು ಹಿಡಿದ ಕೈಗೆ ಯಂತ್ರದ ಕೆಲಸ ಬರುವುದಿಲ್ಲ ಎಂದು ಒಳ್ಳೆಯ ನೌಕರಿಗಳು ಹೊರಗಿನವರ ಪಾಲಾದವು. ಬೇಕಾದ್ದಕ್ಕಿಂತ ಹೆಚ್ಚು ಭೂಮಿ ತೆಗೆದುಕೊಂಡಿದ್ದಾರೆ, ಉಳಿದದ್ದನ್ನು ಹಿಂದಿರುಗಿಸಿ ಎಂದು ಮೊಮ್ಮಕ್ಕಳು ಕೂಡ ಧರಣಿ ಕುಳಿತಿದ್ದಾರೆ.

ಇದೆಲ್ಲ ನಡೆದದ್ದು ಕಾನೂನಿನ ಪ್ರಕಾರವೇ ಎಂಬುದು ನಮಗೆ ಹೆಚ್ಚು ನೋವಿನ ಸಂಗತಿ. ಬ್ರಿಟಿಷರ 1894ರ ಭೂಸ್ವಾಧೀನ ಕಾಯ್ದೆ ‘ಸಾರ್ವಜನಿಕ ಉದ್ದೇಶ’ ಎಂಬ ಎರಡು ಪದ ಹೇಳಿ ಯಾರ ಭೂಮಿಯನ್ನಾದರೂ ತೆಗೆದುಕೊಳ್ಳುವ ದಾರಿ ತೋರಿಸಿತ್ತು. ಸ್ವತಂತ್ರ ಭಾರತ ಅದನ್ನು 2013ರ ತನಕ ಇಟ್ಟುಕೊಂಡಿತು. ನಾಬೋತನ ದ್ರಾಕ್ಷಿತೋಟ ಬೇಕೆಂದಾಗ ಅಹಾಬನ ಮನೆಯವರು ಕೂಡ ಊರ ಹಿರಿಯರಿಗೆ ಮುದ್ರೆ ಒತ್ತಿದ ಪತ್ರವನ್ನೇ ಬರೆದದ್ದು.

ಇನ್ನು ಒಡಿಶಾದ ಕಳಿಂಗನಗರ. ನಮ್ಮ ಅಡಿಗೆಮನೆಯ ಸ್ಟೀಲ್ ಪಾತ್ರೆಗೆ ತುಕ್ಕು ಹಿಡಿಯದಂತೆ ಕಾಯುವುದು ಕ್ರೋಮಿಯಂ. ಭಾರತದ ಕ್ರೋಮ್ ಅದಿರಿನ ಬಹುಪಾಲು ಇರುವುದು ಅದರ ಪಕ್ಕದ ಸುಕಿಂದಾ ಕಣಿವೆಯಲ್ಲಿ. 1990ರ ದಶಕದಲ್ಲಿ ಸರಕಾರ ಇಲ್ಲಿ ಕೈಗಾರಿಕೆಗೆಂದು ಭೂಮಿ ಪಡೆಯಿತು. ತಲೆಮಾರುಗಳಿಂದ ಉಳುತ್ತಿದ್ದ ಎಷ್ಟೋ ಕುಟುಂಬಗಳ ಬಳಿ ಪಟ್ಟಾ ಇರಲಿಲ್ಲ, ಆದ್ದರಿಂದ ಆ ಗದ್ದೆಗೆ ಪರಿಹಾರವೂ ಬರಲಿಲ್ಲ. ಅದೇ ಕಲ್ಲು ಮತ್ತು ಕಾಗದದ ಕಥೆ. 2006ರ ಜನವರಿ 2ರಂದು ಟಾಟಾ ಸ್ಟೀಲ್ ಕಾರ್ಖಾನೆಯ ಜಾಗ ಸಮತಟ್ಟು ಮಾಡಲು ಯಂತ್ರಗಳು ಬಂದವು, ಜೊತೆಗೆ ಪೊಲೀಸರ ದೊಡ್ಡ ಪಡೆಯೂ ಬಂತು. ಜನ ಬಿಲ್ಲುಬಾಣ ಹಿಡಿದು ಅಡ್ಡ ನಿಂತರು. ಒಬ್ಬ ಪೊಲೀಸ್ ಸತ್ತ. ಗೋಲಿಬಾರಿಗೆ ಹನ್ನೆರಡಕ್ಕೂ ಹೆಚ್ಚು ಆದಿವಾಸಿಗಳು ಬಲಿಯಾದರು, ಅವರಲ್ಲಿ ಹೆಂಗಸರೂ ಇದ್ದರು. ಶವಪರೀಕ್ಷೆ ಮುಗಿದು ಕೆಲವು ಶವಗಳು ಮನೆಗೆ ಬಂದಾಗ ಅವುಗಳ ಅಂಗೈ ಕತ್ತರಿಸಲಾಗಿತ್ತು. ಒಂದು ವರ್ಷಕ್ಕೂ ಮಿಕ್ಕಿ ಜನ ಹೆದ್ದಾರಿ ತಡೆದು ಕುಳಿತರು. ಕಾರ್ಖಾನೆ 2015ರಲ್ಲಿ ಆರಂಭವಾಯಿತು.

2016ರಲ್ಲಿ ಜಾರ್ಖಂಡ್ ಸರಕಾರ ಹಾಫ್‌ಮನ್ ಕಾಲದ ಆ ಕಾಯ್ದೆಯನ್ನೇ ಸಡಿಲಗೊಳಿಸುವ ತಿದ್ದುಪಡಿ ತಂದಿತು. ಆದಿವಾಸಿಗಳು ಬೀದಿಗಿಳಿದರು. ಮರುವರ್ಷ ರಾಜ್ಯಪಾಲೆ ದ್ರೌಪದಿ ಮುರ್ಮು ಅವರು ಮಸೂದೆಯನ್ನು ಸಹಿ ಮಾಡದೆ ಹಿಂದಕ್ಕೆ ಕಳುಹಿಸಿದರು.

ಆ ಹೋರಾಟಗಳಲ್ಲಿ ಜನರ ಜೊತೆ ನಿಂತವರಲ್ಲಿ ಯೇಸುಸಭೆಯ ಫಾದರ್ ಸ್ಟ್ಯಾನ್ ಸ್ವಾಮಿ ಒಬ್ಬರು. 1975ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದ ಅವರು, ಬಳಿಕ ಜಾರ್ಖಂಡ್ ಸೇರಿ ಅಲ್ಲಿಯವರೇ ಆದರು. 2020ರ ಅಕ್ಟೋಬರಿನಲ್ಲಿ, 83ರ ವಯಸ್ಸಿನಲ್ಲಿ ಅವರ ಬಂಧನವಾಯಿತು. ವಿಚಾರಣೆಯೇ ಶುರುವಾಗದೆ 2021ರ ಜುಲೈ 5ರಂದು ಮುಂಬಯಿಯ ಆಸ್ಪತ್ರೆಯಲ್ಲಿ ಕಣ್ಮುಚ್ಚಿದರು. ರಾಂಚಿಯ ಬಳಿ ಅವರು ಇದ್ದ ‘ಬಗೈಚಾ’ದ ಅಂಗಳದಲ್ಲಿ ಒಂದು ಕಲ್ಲು ನಿಂತಿದೆ. ನೆಲಕ್ಕಾಗಿ ಪ್ರಾಣ ಕೊಟ್ಟ ಆದಿವಾಸಿಗಳ ಹೆಸರುಗಳನ್ನು ಅದರ ಮೇಲೆ ಕೆತ್ತಿದ್ದಾರೆ.